ಬೇಲಿಯಾಚೆಯ ಪೊದೆ

ಜಲಜಕ್ಕ,

ನೀವು ತೀರಿಕೊಂಡು ವರ್ಷವಾಗುವಷ್ಟರಲ್ಲಿ ಬಿಜೂರಿನ ನಿಮ್ಮ ಹಿತ್ತಿಲ ಮುಳ್ಳು ಆಳೆತ್ತರ ಬೆಳೆದು ನಮ್ಮ ಬೇಲಿ ದಾಟಿತ್ತು. ಹಾವಿನ ಹೆದರಿಕೆಗೆ ಇವತ್ತು ಕೂಲಿಯ ತಿಮ್ಮನಿಂದ ಕಡಿಸಿದೆ. ನಿಮ್ಮ ಬದಿಯ ಬೇಲಿ ಬುಡದ ಪೊದೆ ಎತ್ತಿದ್ದೇ ತಡ, ನಾತ ಮೂಗಿಗೆ ಬಡಿಯಿತು. ಥೂ! ಹುಳ ಬಿದ್ದ ಮೀನಿನ ತಲೆ ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳು, ನನ್ನ ಮೊಮ್ಮಗಳ ಡೈಪರ್‌ಗಳು, ನನ್ನ ಮಂಡಿನೋವಿನ ಎಣ್ಣೆಯ ಖಾಲಿ ಬಾಟಲಿಗಳು.

"ಹ್ವಾಯ್ ಅಮ್ಮ, ಇದೆಲ್ಲ ನಿಮ್ಮನಿದೇ ಅಲ್ದಾ?" ಎಂದ ತಿಮ್ಮ.

ಬದುಕಿದ್ದಾಗ ಒಮ್ಮೆ ನೀವೂ ಇದನ್ನೇ ಕೇಳಿದ್ದಿರಿ. ನಾನು ದೇವರ ದೀಪ ಮುಟ್ಟಿ ಅಲ್ಲವೆಂದು ಆಣೆ ಹಾಕಿದೆ. ನಿಮಗೇ ಬೈದು ಮಾತು ಬಿಟ್ಟೆ.

"ಇದನ್ನ ಎಲ್ ಹಾಕುದ್?" ಎಂದು ಅವನು ಮತ್ತೆ ಕೇಳಿದ.

ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದ ನಾನು, ಯೋಚನೆಯೇ ಇಲ್ಲದೆ, ನಿಮ್ಮ ಬಾವಿಯ ಕಡೆ ಕೈ ತೋರಿಸಿದೆ.