ನಾನು ಬರೆದ ಕಣ್ಣು

ಜಗಳಗಂಟಿ ಸುನಂದಾ,

ನೀನು ಹೋಗಿ ನಾಳೆಗೆ ವರ್ಷ. ಬದುಕಿದ್ದಾಗ ನಿನ್ನ ಗೆರೆಗಳಲ್ಲಿ ತಪ್ಪು ಹುಡುಕುತ್ತಿದ್ದವಳು ಇವತ್ತು ನನ್ನ ತಪ್ಪು ಒಪ್ಪಿಕೊಳ್ಳಲು ಕೂತಿದ್ದೇನೆ.

ಮಕ್ಕಳ ಪುಸ್ತಕಗಳಿಗೆ ಶಿವಾರಪಟ್ಟಣದಿಂದ ನೀನು ಗೆರೆಚಿತ್ರ ಕಳಿಸುವುದು, ಮಾಲೂರಿನಲ್ಲಿ ಕೂತು ನಾನು ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದು. ಎಂಟು ವರ್ಷ ಹೀಗೇ ನಡೆಯಿತು. ಒಂದರ ಮೇಲೊಂದಿಟ್ಟ ಗಾಜಿನ ಹಾಳೆಗಳಂತೆ, ಗೆರೆ ಮೇಲಿನ ಲೇಯರ್‌ನಲ್ಲಿ, ಬಣ್ಣ ಕೆಳಗಿನದರಲ್ಲಿ. ನಿನ್ನ ಗೆರೆಯಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಸಾಕು, ಸೀರೆಗೆ ಸುರಿದ ಕೆಂಪು ಹಾಳೆಗೆಲ್ಲ ಹರಡುತ್ತಿತ್ತು. ನಾನು ಫೋನಿನಲ್ಲಿ ಬೈಯುತ್ತಿದ್ದೆ, ನೀನು ನಗುತ್ತಿದ್ದೆ. ಕಣ್ಣನ್ನಂತೂ ಬರೆಯುತ್ತಲೇ ಇರಲಿಲ್ಲ. "ಕಣ್ಣು ಕಡೇಲಿ ಕಣೇ ಆಯೇಷಾ. ನಮ್ಮಪ್ಪ ವಿಗ್ರಹಕ್ಕೂ ಹಂಗೇ ಮಾಡೋದು. ಕೆತ್ತಿದೋರೇ ಕಣ್ಣು ತೆರೀಬೇಕು." ಬಣ್ಣ ತುಂಬಿದ ಚಿತ್ರ ನಿನಗೆ ವಾಪಸು ಬಂದ ಮೇಲೆಯೇ ಕಣ್ಣು.

ನಿನ್ನ ಕಡೆಯ ಚಿತ್ರ ನೀನು ಮಗಳು ಚಂದನಳಿಗೆ ಮುದ್ದೆ ಮುರಿದು ತಿನ್ನಿಸುತ್ತಿರುವುದು. ಕಾಯಿಲೆಯಲ್ಲಿ, ನಡುಗುವ ಕೈಯಲ್ಲೇ ಬರೆದು ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟೆ. ನಿನ್ನ ಟ್ಯಾಬ್ ಆಮೇಲೆ ಕೆಟ್ಟಿತು, ಉಳಿದದ್ದು ಪೆನ್‌ಡ್ರೈವ್‌ನ ಆ ಒಂದೇ ಪ್ರತಿ, ನಾನು ಬಣ್ಣ ತುಂಬಿದ್ದೂ ಅದರಲ್ಲೇ. ನಾನು ಬಣ್ಣ ಮುಗಿಸುವಷ್ಟರಲ್ಲಿ ನೀನು ಕೋಲಾರದ ಆಸ್ಪತ್ರೆ ಸೇರಿದ್ದೆ. "ಮನೆಗ್ ಬಂದು ಕಣ್ಣು ಬರೀತೀನಿ" ಅಂದೆ. ಬರಲಿಲ್ಲ.

ಹೋದ ವಾರ ನಿನ್ನ ಮಗಳು ತಿಥಿಗೆ ಆ ಚಿತ್ರ ಕೇಳಿದಳು. ಕಣ್ಣಿಲ್ಲದ ತಾಯಿಯನ್ನು ಮಗುವಿನ ಕೈಗೆ ಹೇಗೆ ಕೊಡಲಿ? ನಾನೇ ಬರೆದೆ. ಕೈ ನಡುಗಿದ ಕಡೆಯೆಲ್ಲ ಗೆರೆ ತಿದ್ದಿದೆ, ಸಂದಿ ಮುಚ್ಚಿದೆ. ಚೊಕ್ಕವಾಯಿತೆಂಬ ಖುಷಿಯಲ್ಲಿ ಲೇಯರ್‌ಗಳನ್ನೆಲ್ಲ ಒಂದು ಮಾಡಿ ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿಬಿಟ್ಟೆ, ನಿನ್ನ ಮೂಲ ಗೆರೆ ಅಳಿದೇಹೋಯಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಕಣೇ.

ಚಂದನ ಪ್ರಿಂಟನ್ನು ಬಹಳ ಹೊತ್ತು ನೋಡಿದಳು. "ಅಮ್ಮ ನನ್ನ ಹಿಂಗೆ ನೋಡ್ತಿರ್ಲಿಲ್ಲ ಆಂಟಿ. ಕಣ್ಣಿಲ್ದಿದ್ರೂ ಪರವಾಗಿಲ್ಲ, ಅಮ್ಮ ಬರೆದಿದ್ದೇ ಕೊಡಿ" ಅಂದಳು.

ಎಲ್ಲಿಂದ ಕೊಡಲಿ? ಮೂರು ದಿನ ಹುಡುಕಿದೆ, ಕಂಪ್ಯೂಟರ್ ಅಂಗಡಿಯವರಿಗೂ ತೋರಿಸಿದೆ. ಆ ಚಿತ್ರದ ನಿನ್ನ ಒಂದು ಗೆರೆಯೂ ಸಿಗಲಿಲ್ಲ. ಸಾವು ನಿನ್ನನ್ನು ಒಮ್ಮೆ ಒಯ್ದಿತು, ಉಳಿದಷ್ಟನ್ನು ನಾನು ಅಳಿಸಿದೆ.

ಸಿಗಲಿಲ್ಲ ಅಂದಾಗ ಚಂದನ ಚಿತ್ರವನ್ನು ನನ್ನ ಮೇಜಿನ ಮೇಲೆ ಬೋರಲಾಗಿಟ್ಟು ಹೋದಳು. ನಾಳೆ ಹಾರ ಹಾಕಲು ನಿನ್ನ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದ್ದಾರಂತೆ.

ಕ್ಷಮೆ ಕೇಳಲು ನನಗೆ ಮುಖವಿಲ್ಲ. ಇರುವ ಕಡೆ ನೆಮ್ಮದಿಯಾಗಿರು. ಮಗಳ ಕನಸಿಗಾದರೂ ಒಮ್ಮೆ ಬಂದು ಹೋಗು.

ಇಂತಿ, ನಿನ್ನ ಗೆರೆ ಉಳಿಸಿಕೊಳ್ಳಲಾಗದ
ಆಯೇಷಾ