ಅತ್ತೆ ದಿಲ್ಲಿಗೆ ಬರೆಸಿದ ಕಾಗದ

6 ಜುಲೈ 2025, ಭಾನುವಾರ

ಚರ್ಚಿನಿಂದ ಬಂದು ಅನ್ನಕ್ಕಿಟ್ಟೆ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಇಷ್ಟು ಬರೆದುಬಿಡಬೇಕು.

ಪಾಸ್ಟರ್ ಅರುಣಕುಮಾರ್ ಇವತ್ತು ಪ್ರಸಂಗ ಬೇಗ ಮುಗಿಸಿದರು. ಅದೇ ಒಂದು ಅದ್ಭುತ. ಆಮೇಲೆ ಹೇಳಿದ್ದು — ಈ ತಿಂಗಳ ಕೊನೆಯ ಭಾನುವಾರ ಕಾಣಿಕೆ ತಟ್ಟೆಯಲ್ಲಿ ಒಬ್ಬೊಬ್ಬರೂ ಒಂದು ಕಾಗದ ಇಡಬೇಕು. ದಿಲ್ಲಿಗೆ, ವಿದೇಶಾಂಗ ಮಂತ್ರಿಗಳ ಆಫೀಸಿಗೆ. ನಮ್ಮ ದೇಶ ಹಸಿದ ದೇಶಗಳಿಗೆ ಅಕ್ಕಿ, ಗೋಧಿ ಕಳಿಸುತ್ತದಲ್ಲ, ಅದು ಇನ್ನಷ್ಟು ಹೋಗಲಿ, ಹೋದದ್ದು ಮಕ್ಕಳ ಬಾಯಿಗೆ ಸರಿಯಾಗಿ ಮುಟ್ಟಲಿ ಅಂತ. ಪ್ರಾರ್ಥನೆ ಮಾಡಿ ಎಲ್ಲವನ್ನೂ ಪೋಸ್ಟ್ ಮಾಡುವುದು.

ಹಿಂದಿನಿಂದ ಯಾರೋ, "ನಮ್ಮ ಓಣಿ ಚರಂಡಿದೂ ಒಂದು ಸಾಲು ಸೇರಿಸ್ಲೇನ್ರಿ?" ಅಂದರು. ಎಲ್ಲರೂ ನಕ್ಕರು. ಪಾಸ್ಟರ್ ನಗಲಿಲ್ಲ. "ಅದಕ್ಕ ಬ್ಯಾರೆ ಬರಿಯೋಣ್ರಿ. ಇದು ನಮಗಂತ ಅಲ್ಲ. ಒಂದು ಕಾಲಕ್ಕ ನಮಗೂ ಯಾರೋ ಕಳಿಸಿದ್ರು. ಈಗ ನಮ್ಮ ಪಾಳಿ."

ಮಾದರಿ ಕಾಗದ ಬರೆಯುವ ಕೆಲಸ ನನಗೆ. ತಾಲ್ಲೂಕು ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಅರ್ಜಿ ಟೈಪ್ ಮಾಡುವವಳು, ಇನ್ಯಾರಿಗೆ ಕೊಟ್ಟಾರು. ಸ್ವಲ್ಪ ಜಂಬ ಬಂತು. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಯಾಕೆ.

ಮೂರನೆಯದು ಕೂಗಿತು.

8 ಜುಲೈ, ಮಧ್ಯಾಹ್ನ, ಆಫೀಸು

ಮಾದರಿ ರೆಡಿ. ಇಂದ, ಗೆ, ಮಾನ್ಯರೇ, ವಿಷಯ, ಮನವಿ. ಒಂದೇ ಪುಟ. ಒಂದು ಪದ ತೆಗೆಯುವ ಹಾಗಿಲ್ಲ, ಹಾಕುವ ಹಾಗಿಲ್ಲ. ಕೆಳಗೆ ಹೆಸರು, ಸಹಿ ಹಾಕಿದರೆ ಮುಗಿಯಿತು.

ಬಸ್ ಸ್ಟ್ಯಾಂಡ್ ಎದುರಿನ ಪರ್ವೀನ್ ಅಂಗಡಿಯಲ್ಲಿ ಮೂವತ್ತು ಝೆರಾಕ್ಸ್. ಮಶೀನು ಓಡುತ್ತಿರುವಾಗ ಪರ್ವೀನ್ ಓದಿದಳು. "ಅಕ್ಕಾ, ನಾವು ಕೊಡಬೋದೇನ್ರಿ? ನಾವು ಚರ್ಚಿನವ್ರಲ್ಲ." ಹಸಿವಿಗೆ ಚರ್ಚು ಎಲ್ಲಿಯದು ಅಂದೆ. ಅಲ್ಲೇ ನಿಂತು ಒಂದಕ್ಕೆ ಸಹಿ ಮಾಡಿದಳು. ಮೊದಲನೆಯ ಕಾಗದ ಅವಳದೇ. ಖುಷಿಯಾಯಿತು.

11 ಜುಲೈ

ಅತ್ತೆ ಸಹಿ ಹಾಕುವುದಿಲ್ಲವಂತೆ!

ಊರಿಗೆಲ್ಲ ಬೇಕಾದ ಕಾಗದ ನಮ್ಮ ಮನೆಯಲ್ಲೇ ಬೇಡ. ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಕೊನೆಗೆ — "ಇದರಾಗ ಕ್ಷೇಮ ಎಲ್ಲೈತಿ?"

"ಅತ್ತಿ, ಇದು ಮನವಿ. ಇದಕ್ಕ ಕ್ಷೇಮ ಗಿಮ ಬರಿಯಂಗಿಲ್ಲ."

"ಕ್ಷೇಮ ಬರೀದ ಕಾಗದ ಒಂದೇ, ಸಾವಿಂದು. ನಮ್ಮ ಕಾಲದಾಗ ಅಂಥಾ ಕಾರ್ಡು ಬಂದ್ರ ಮನಿ ಒಳಗ ತರ್ತಿರಲಿಲ್ಲ, ಹೊರಗ ನಿಂತು ಓದಿಸಿ ಹರಿದು ಹಾಕ್ತಿದ್ವಿ. ಅಂಥಾದ್ದು ದಿಲ್ಲಿಗೆ ಕಳಿಸ್ಲಿ ಏನು?"

ನನಗೂ ಸಿಟ್ಟು. ನಾವು ಕ್ಷೇಮ ಅಂತ ಬರೆದು, ಮುಂದಿನ ಸಾಲಿನಲ್ಲಿ ಹಸಿವು ಅಂದರೆ ಓದಿದವರು ನಗುವುದಿಲ್ಲವೇ ಅಂದೆ. ಅತ್ತೆ ನನ್ನನ್ನು ಶಾಲೆಯ ದಡ್ಡಿಯನ್ನು ನೋಡಿದಂತೆ ನೋಡಿದರು.

"ಕ್ಷೇಮ ಅದೀವಿ ಅಂತ್ಲೇ ಮಂದಿ ಸಲುವಾಗಿ ಕೇಳಾಕ ಹತ್ತೀವಿ. ನಮಗ ಹಸಿವಾಗಿದ್ರ ನಮಗೇ ಕೇಳ್ಕಂತಿದ್ವಿ."

ಹತ್ತೊಂಬತ್ತು ವರ್ಷದ ಸರ್ವಿಸು, ಒಂದು ಮಾತಿಗೆ ಬಾಯಿ ಮುಚ್ಚಿಸಿದರು.

12 ಜುಲೈ, ಸಂಜೆ

ಸೋತೆ. ಬಿಳಿ ಹಾಳೆ, ನೀಲಿ ಪೆನ್ನು. ಅತ್ತೆ ಹೇಳಿದ ಹಾಗೇ ಬರೆಯುವುದು ಅಂತ ಒಪ್ಪಂದ. ಇವರು ಡಿಪೋದಿಂದ ಇನ್ನೂ ಬಂದಿರಲಿಲ್ಲ. (ಬಸ್ಸು ರಿಪೇರಿಯವರಿಗೆ ಹೊತ್ತು ಗೊತ್ತು ಇಲ್ಲ.)

"ದಿಲ್ಲಿ ಸಾಹೇಬ್ರಿಗೆ ಹಗರಿಬೊಮ್ಮನಹಳ್ಳಿಯಿಂದ ಗೀತಮ್ಮ ಮಾಡುವ ನಮಸ್ಕಾರ. ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಸಿರಿ." ಅಲ್ಲಿಯವರೆಗೆ ಸರಸರ. ಮುಂದೆ — "ನನ್ನ ತವರು ಹಲವಾಗಲ ಹತ್ರ, ಹೊಳಿ ದಂಡಿಗೆ. ನನಗ ಒಬ್ಬ ತಮ್ಮ ಇದ್ದ."

ನಿಲ್ಲಿಸಿದರು. ತಮ್ಮನಾ? ಮದುವೆಯಾಗಿ ಇಪ್ಪತ್ತೆರಡು ವರ್ಷ, ಅತ್ತೆಗೆ ತಮ್ಮ ಇದ್ದದ್ದು ನಾನು ಕೇಳಿಯೇ ಇಲ್ಲ. ಏನು ಹೆಸರು ಅತ್ತಿ ಅಂದೆ. "ಸಾಕು ಇವತ್ತಿಗೆ" ಅಂದು ಎದ್ದು ಹೋದರು.

19 ಜುಲೈ

ಒಂದು ವಾರ ಪುಸ್ತಕ ಮುಟ್ಟಲಿಲ್ಲ. ಅತ್ತೆಗೆ ಊಟ ಸೇರುತ್ತಿಲ್ಲ. ನಾನೇ ಏನೋ ಅಂದೆನೇನೋ ಅಂತ ಒಳಗೊಳಗೇ ಕುದಿ. ಇವರು ಬಿ.ಪಿ. ಮಾತ್ರೆ ಬದಲಿಸೋಣ ಅನ್ನುತ್ತಾರೆ. ಗಂಡಸರಿಗೆ ಎಲ್ಲದಕ್ಕೂ ಮಾತ್ರೆ.

ಇವತ್ತು ಮಧ್ಯಾಹ್ನ ಜೋಳ ಹಸನು ಮಾಡುತ್ತಾ ಕೂತಿದ್ದೆವು, ನಾನು, ಅವರು ಇಬ್ಬರೇ. ಮೊರದ ಮೇಲಿನ ಕಣ್ಣು ಎತ್ತದೆ ತಾವಾಗಿ ಹೇಳಿದರು.

ಅರವತ್ತಾರನೇ ಇಸವಿ ಇರಬೇಕು. ಅತ್ತೆಗೆ ಒಂಬತ್ತು. ತಮ್ಮ ಅಂಜಿನೇಯಲು, ಎರಡು ವರ್ಷದವನು, ಅಂಜಿ ಅಂತಿದ್ದರಂತೆ. ಮಳೆ ಇಲ್ಲ, ಕೂಲಿ ಇಲ್ಲ. ಪರದೇಶದಿಂದ ಹಾಲಿನ ಪುಡಿ ಬಂದಿದೆ ಅಂತ ಸುದ್ದಿ.

"ಬಂದೈತಿ ಬಂದೈತಿ ಅಂತ ಹನ್ನೊಂದು ದಿನ ಕೇಳಿದ್ವಿ. ಎಲ್ಲೋ ಒಂದು ಗೋಡೌನಿನಾಗ ಇತ್ತಂತ. ಬೀಗದ ಕೈ ಇದ್ದಾತ ಊರಾಗ ಇಲ್ಲಂತ. ಹಡಗಿನಾಗ ಸಮುದ್ರ ದಾಟಿ ಬಂದಿದ್ದು, ಒಂದು ಬಾಗಲಾ ದಾಟಾಕ ಹನ್ನೊಂದು ದಿನ."

ಹನ್ನೆರಡನೆಯ ದಿನ ಹಲವಾಗಲ ಶಾಲೆಯಲ್ಲಿ ಹಂಚಿದರು. ಅಂಜಿ ತೊಡೆ ಬಿಟ್ಟು ಇಳಿಯುವ ಸ್ಥಿತಿಯಲ್ಲಿಲ್ಲ, ಅದಕ್ಕೆ ಅವ್ವ ಅತ್ತೆಯನ್ನು ಕಳಿಸಿದರು. ಹಳೇ ಸೀರೆಯ ತುಂಡಿನಲ್ಲಿ ಪುಡಿ ಕಟ್ಟಿಕೊಟ್ಟರು. ವಾಪಸು ಬರುವ ದಾರಿಯಲ್ಲಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರಂತೆ. ಆಮೇಲೆ ಒಂದು ಹಿಡಿ. ಆಮೇಲೆ ಇನ್ನೊಂದು. ಬಾಯಿ ಅಂಟಿತು, ನೀರಿಲ್ಲ. ಜಾಲಿ ಗಿಡದ ಕೆಳಗೆ ಕೂತವರಿಗೆ ಅಲ್ಲೇ ನಿದ್ದೆ. ಎದ್ದು ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಅಂಜಿ ಹೋಗಿಬಿಟ್ಟಿದ್ದ.

"ನಮ್ಮವ್ವ ಗಂಟು ಬಿಚ್ಚಿ ನೋಡಿದ್ಲು. ಅರ್ಧ ಇತ್ತು. ಯಾಕ ಅಂತ ಕೇಳಲಿಲ್ಲ. ಸಾಯೋತನ ಕೇಳಲಿಲ್ಲ. ಕೇಳಿದ್ರ ನಾ ಹೇಳ್ತಿದ್ದೆನೋ ಏನೋ."

ನನಗೆ ಅಳು ತಡೆಯಲಾಗಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ. ಕೈ ತುಂಬ ಜೋಳದ ಧೂಳು.

"ಹನ್ನೊಂದು ದಿನದ್ದು ಬರಿ. ನಾ ತಿಂದಿದ್ದು ಬರೀಬ್ಯಾಡ. ತಿಪ್ಪೇಶಗ ಹೇಳಬ್ಯಾಡವಾ. ತಾಯಿ ಅನ್ನಂಗಿಲ್ಲ ಆಮ್ಯಾಲೆ."

ಮಗ ಹಾಗೆ ಅನ್ನುವವರಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಆಣೆ ಹಾಕಿಸಿಕೊಂಡರು.

22 ಜುಲೈ

ಕಾಗದ ಮುಗಿಯಿತು. ನನ್ನ ಝೆರಾಕ್ಸಿನ ಮಾದರಿ ಇದರ ಮುಂದೆ ಸಪ್ಪೆ ಸಾರು. "ಹಡಗು ಬಿಟ್ಟ ದಿನಾನ ಕೊಟ್ಟೀವಿ ಅಂತ ಬರ್ಕಬ್ಯಾಡ್ರಿ. ಕೂಸು ನುಂಗಿದ ದಿನಾನ ಕೊಟ್ಟೀವಿ ಅಂತ ಬರಕೊಳ್ರಿ." ಇದು ಅತ್ತೆಯದೇ ಮಾತು. ಹಾಗೇ ಇಟ್ಟೆ, ಒಂದಕ್ಷರ ತಿದ್ದಿಲ್ಲ.

ಮೂರು ಸಲ ಓದಿಸಿಕೊಂಡರು. "ನನ್ನ ತಮ್ಮ ತೀರಿಕೊಂಡ" ಅನ್ನುವಲ್ಲಿ ಮೂರು ಸಲವೂ ಕೈ ಅಡ್ಡ ಮಾಡಿ ನಿಲ್ಲಿಸಿದರು. ಏನೋ ಹೇಳಬೇಕು ಅನ್ನುವ ಹಾಗೆ. ಮತ್ತೆ "ಹೂಂ, ಮುಂದ ಓದು."

ಇವರು ಬಚ್ಚಲಿನಿಂದ ಬಂದು, ಏನು ಓದಾಕ ಹತ್ತೀರಿ ಅತ್ತಿ ಸೊಸಿ ಅಂದರು. ಚರ್ಚಿಂದು ಅಂದೆ. ಗಂಡನಿಗೆ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಷ್ಟವಾಗುತ್ತಿದೆ.

27 ಜುಲೈ, ಭಾನುವಾರ, ರಾತ್ರಿ

ಇದನ್ನು ಇವತ್ತೇ ಬರೆಯಬೇಕು.

ಒಬ್ಬೊಬ್ಬರಾಗಿ ಹೋಗಿ ತಟ್ಟೆಯಲ್ಲಿ ಕಾಗದ ಇಟ್ಟೆವು. ಯಾರಾದರೂ ಎರಡು ಮಾತು ಹೇಳುವುದಿದ್ದರೆ ಹೇಳಿ ಅಂದರು ಪಾಸ್ಟರ್. ಯಾವತ್ತೂ ಬಾಯಿ ತೆರೆಯದ ಅತ್ತೆ ತಟ್ಟೆಯ ಹತ್ತಿರವೇ ನಿಂತುಬಿಟ್ಟರು.

"ನನ್ನ ಕಾಗದದಾಗ ಒಂದು ಮಾತು ಬಿಟ್ಟೀನ್ರಿ. ಬಿಟ್ಟು ಇಟ್ರ ದೇವರ ಮುಂದ ಸುಳ್ಳು ಇಟ್ಟಂಗ."

ಎಲ್ಲ ಹೇಳಿದರು. ಚಿಟಿಕೆ, ಹಿಡಿ, ಜಾಲಿ ಗಿಡ, ಅರ್ಧ ಗಂಟು. ಅಂಜಿಯ ಹೆಸರು ಎರಡು ಸಲ ಅಂದರು. ಗಂಡಸರ ಬದಿಯಲ್ಲಿ ಕೂತಿದ್ದ ಇವರ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಪಾಸ್ಟರ್ ಕಣ್ಣೊರೆಸಿಕೊಂಡು ಪ್ರಾರ್ಥನೆ ಶುರು ಮಾಡಿದರು. ಏನು ಪ್ರಾರ್ಥಿಸಿದರೋ ಒಂದೂ ಕಿವಿಗೆ ಬೀಳಲಿಲ್ಲ.

ಮನೆಗೆ ನಡೆದೇ ಬಂದೆವು. ಇವರು ಮುಂದೆ. ಅತ್ತೆ ನನ್ನ ತೋಳು ಹಿಡಿದುಕೊಂಡು ಹಿಂದೆ. ರೈಲ್ವೆ ಗೇಟು ಹಾಕಿತ್ತು, ಕೊಟ್ಟೂರು ಕಡೆಯ ಗಾಡಿ. ಗೇಟಿನ ಮುಂದೆ ಇವರು ತಿರುಗಿ ನಿಂತರು.

"ಯವ್ವಾ, ಆವತ್ತು ನೀನು ಉಂಡು ಎಷ್ಟು ದಿನ ಆಗಿತ್ತು?"

ಅತ್ತೆಗೆ ಅರ್ಥವಾಗಲಿಲ್ಲ. "ನಾನಾ?"

"ಹೂಂ, ನೀನು."

"ನನ್ನದು ಯಾರು ನೋಡ್ಯಾರ. ಅಂಜಿದು ಹೇಳಾಕ ಹತ್ತೀನಿ."

"ಅಂಜಿಮಾವಂದು ಕೇಳಿದೆ. ನಿಂದು ಕೇಳಾಕ ಹತ್ತೀನಿ. ಒಂಬತ್ತು ವರ್ಷದಾಕಿ ಯವ್ವಾ. ನೀನೂ ಕೂಸು ಇದ್ದಿ."

ಗಾಡಿ ಹೋಯಿತು, ಗೇಟು ತೆಗೆದರು, ಹಿಂದಿನ ಬೈಕಿನವರು ಹಾರ್ನ್ ಹೊಡೆದರು. ಅತ್ತೆ, ಮಗನ ಅಂಗಿ ಹಿಡಿದುಕೊಂಡು ಅತ್ತರು. ಐವತ್ತೊಂಬತ್ತು ವರ್ಷದ ಅಳು. ನಾನೂ ಅತ್ತುಬಿಟ್ಟೆ, ನಡು ರಸ್ತೆಯಲ್ಲಿ, ನಾಚಿಕೆ ಬಿಟ್ಟು. ನನ್ನ ಗಂಡ ಒಳ್ಳೆಯವರು ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ.

ರಾತ್ರಿ ಎರಡು ಮುದ್ದೆ ಉಂಡರು ಅತ್ತೆ.

28 ಜುಲೈ, ಬೆಳಿಗ್ಗೆ 8.20

ಆಫೀಸಿಗೆ ಹೊತ್ತಾಯಿತು. ಸೀರೆ ಉಟ್ಟು ನಿಂತಿದ್ದೇನೆ, ಅತ್ತೆ ಬಾಗಿಲಿಗೆ ಅಡ್ಡ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಇನ್ನೊಂದು ಕಾಗದ ಬೇಕಂತೆ, ಈಗಲೇ. ಪಾಸ್ಟರ್ ಹತ್ತಕ್ಕೆ ಪೋಸ್ಟಿಗೆ ಹೋಗುತ್ತಾರೆ, ಅಷ್ಟರೊಳಗೆ.

ಹಾಳೆ ಹುಡುಕುವಷ್ಟೂ ತಡೆಯುತ್ತಿಲ್ಲ. ಯಾವುದರಾಗಾದ್ರೂ ಬರಕೋ, ಆಮ್ಯಾಲೆ ಚೊಕ್ಕ ಮಾಡು ಅಂತಾರೆ. ಇದರಲ್ಲೇ ಬರೆದುಕೊಳ್ಳುತ್ತಿದ್ದೇನೆ.

"ಸಾಹೇಬ್ರ, ನಿನ್ನಿ ಕಾಗದದಾಗ ಇದು ಬಿಟ್ಟಿತ್ತು. ಪುಡಿ ಒಯ್ಯಾಕ ಬಂದ ಕೂಸನ್ನ ಬರೀ ಗಂಟು ಕೊಟ್ಟು ಕಳಿಸಬ್ಯಾಡ್ರಿ. ಮೊದಲು ಅಲ್ಲೇ ಕುಂದ್ರಸ್ರಿ. ಹೊಟ್ಟಿ ತುಂಬ ಉಣಸ್ರಿ. ನೀರು ಕುಡಸ್ರಿ. ಆಮ್ಯಾಲೆ ಮನಿಗೆ ಕಟ್ಟಿ ಕೊಡ್ರಿ. ಯಾಕಂದ್ರ ಆಕಿಗೂ ಹಸಿವಾಗಿರ್ತೈತ್ರಿ."