ಅಂಗಳ ಖಾಲಿ ಮಾಡಿದ ದಿನ

ಮೂಡಲಗಿ
೧೭ ನವೆಂಬರ್ ೨೦೨೪

ಪ್ರೀತಿಯ ಅಕ್ಕ ಮುಮ್ತಾಜಳಿಗೆ, ನಿನ್ನ ತಂಗಿ ಸಾಹಿರಾಳ ಸಲಾಂ.

ನಿನ್ನ ಕಾಲಿನ ಬಾವು ಇಳಿಯಿತೇ? ಫೋನಿನಲ್ಲಿ ಕೇಳಬಹುದಿತ್ತು. ಆದರೆ ಇಲ್ಲಿ ಫೋನು ಅಪ್ಪನ ಕಿಸೆಯಲ್ಲಿರುತ್ತದೆ, ಅಲ್ಲಿ ನಿನ್ನ ಅತ್ತೆ ಎತ್ತುತ್ತಾರೆ. ಎದುರಿಗೆ ಯಾರಾದರೂ ಇದ್ದರೆ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಪಕ್ಕದ ಮನೆ ಭರಮವ್ವ ಕಾಕು ನಾಳೆ ಘೋಡಗೇರಿಗೆ ಮಗಳನ್ನು ನೋಡಲು ಬರುತ್ತಾಳೆ. ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ನಮ್ಮ ಓಣಿಯ ಹಿಂದಿನ ಹೊಲದಲ್ಲಿ ದೊಡ್ಡ ಸಾಲಿ ಆಗುತ್ತದೆ ಎಂದು ಹೇಳಿದ್ದೆನಲ್ಲ, ಅದು ಖರೆ ಆಯಿತು. ಮೊದಲು ನನಗೆ ಸಂತೋಷವೇ ಆಗಿತ್ತು. ನಾನು ಐದನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಮನೆಯ ಹತ್ತಿರ ಪಾಟಿಚೀಲದ ಮಕ್ಕಳು ಓಡಾಡಿದರೆ ಚೆಂದ ಅನಿಸಿತ್ತು. ಆದರೆ ಸಾಲಿಯ ಬಸ್ಸುಗಳಿಗೆ ನಮ್ಮ ಓಣಿ ಸಾಲುವುದಿಲ್ಲವಂತೆ. ಅಗಲ ಮಾಡಬೇಕಂತೆ.

ಸಾಲಿಯವರೂ ಅಳತೆಯವರೂ ಓಣಿ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಅಪ್ಪನ ಸ್ವಭಾವ ನಿನಗೆ ಹೇಳಬೇಕಾಗಿಲ್ಲ. “ಮನಿಗಿ ಬಂದ ಮಂದಿ ಮ್ಯಾಲೆ ಅರಳಿ ಧೂಳ ಹಾರಿಸಿದ್ರ ಹೆಂಗ? ನಡೀರಿ, ಎಲ್ಲಾ ತಗೀರಿ” ಎಂದ. ಅಂಗಳದಲ್ಲಿದ್ದ ಅರಳೆ ಹಿಂಜುವ ಮಷೀನನ್ನು ನಾಲ್ಕು ಜನ ಎತ್ತಿ ಓಣಿಯ ಸೋಮಪ್ಪ ಕಾಕಾನ ದನದ ಕೊಟ್ಟಿಗೆಗೆ ಸಾಗಿಸಿದರು. ನೆರಳಿನ ತಾಡಪತ್ರಿ ಬಿಚ್ಚಿದರು. ಹತ್ತಿಯ ಗಂಟುಗಳನ್ನು ಒಳಗೆ ತಳ್ಳಿದೆವು. ನಾನು ನೀರು ಚಿಮುಕಿಸಿ ಕಸ ಹೊಡೆದೆ. ಮದುವೆಗೆಂದು ಯಾರೋ ಮಾಡಲು ಹೇಳಿದ್ದ ಹೊಸ ಗಾದಿಯನ್ನೇ ಅಪ್ಪ ಅಂಗಳದಲ್ಲಿ ಹಾಸಿ ಅವರನ್ನು ಕೂರಿಸಿದ. ಅವರು ಚಹಾ ಕುಡಿದರು, ಅವ್ವನ ಕೈಯ ಖಾರಿ ಚೂಡಾ ತಿಂದರು, ಫೋಟೋ ಹೊಡೆದುಕೊಂಡು ಹೋದರು.

ಹೋದ ವಾರ ಗುಡಿಯ ಮುಂದೆ ಸಭೆ ಕರೆದರು. ನಾನು ಅವ್ವನ ಸೆರಗಿನ ಹಿಂದೆ ನಿಂತಿದ್ದೆ. ಸೋಮಪ್ಪ ಕಾಕಾ ಎದ್ದು, “ಬಸ್ಸು ನಮ್ಮ ಹೊಸ್ತಿಲಾ ಸವರಿ ಹೋದ್ರ ನಮ್ಮ ಹುಡುಗ್ರು ಎಲ್ಲಿ ಆಡಬೇಕ್ರಿ? ಬ್ಯಾರೆ ಕಡೆ ದಾರಿ ನೋಡ್ರಿ” ಎಂದ. ಬೇರೆ ದಾರಿ ದೂರ ಆಗುತ್ತದೆ ಎಂದರು. ಆಮೇಲೆ ಸಾಲಿಯವರಲ್ಲೊಬ್ಬ ಮೊಬೈಲಿನಲ್ಲಿ ನಮ್ಮ ಅಂಗಳದ ಫೋಟೋ ತೋರಿಸಿದ.

“ಇದು ಖುಲ್ಲಾ ಜಾಗಾ. ಇಲ್ಲಿ ಯಾರದೂ ಏನೂ ನಡ್ಯಾಂಗಿಲ್ಲ.”

ಅಪ್ಪ ಕೈಮುಗಿದು ಎದ್ದ. “ಸಾಹೇಬ್ರ, ಅದು ನೀವು ಬರ್ತೀರಂತ ನಾನ ಸ್ವಚ್ಛ ಮಾಡಿದ್ದರಿ. ನಮ್ಮ ಉದ್ಯೋಗ ಎಲ್ಲಾ ಅಲ್ಲೇ ಐತ್ರಿ.”

“ಒಮ್ಮೆ ಮಾಡೀರಲಾ ಚಾಚಾ, ಇನ್ನೊಮ್ಮೆ ಮಾಡಾಕ ಏನ ತ್ರಾಸ?” ಎಂದ ಅವನು. ಕುರ್ಚಿಯಲ್ಲಿ ಕೂತವರೆಲ್ಲ ನಕ್ಕರು.

ಅಂಗಳ ನಮ್ಮ ಮನೆಯ ಉತಾರದ ಕಾಗದದಲ್ಲಿ ಇಲ್ಲ, ಅದು ಓಣಿಯದೇ. ಅಜ್ಜನ ಕಾಲದಿಂದ ಅಲ್ಲಿ ಅರಳೆ ಹಿಂಜಿದ್ದೇವೆ ಎನ್ನುವುದಕ್ಕೆ ಕಾಗದ ಎಲ್ಲಿಂದ ತರೋಣ? ಮನೆಗೆ ಬರುವಾಗ ಭರಮವ್ವ ಕಾಕು, “ಖಾದರಣ್ಣಾ, ಕೋಳಿ ತಾನ ಕುಂತು ಮಸಾಲಿ ಅರದು ಕೊಟ್ಟಂಗಾತು ನೋಡಪಾ” ಎಂದಳು. ಅವಳ ಬಾಯಿಯೇ ಹಾಗೆ. ಅಪ್ಪನೂ ನಕ್ಕ. ಮನೆಗೆ ಬಂದ ಮೇಲೆ ಉಣ್ಣಲಿಲ್ಲ.

ಈಗ ಹೊಸ್ತಿಲಿನ ತನಕ ಸುಣ್ಣದ ಗೆರೆ ಎಳೆದಿದ್ದಾರೆ, ಅಂಗಳದಲ್ಲಿ ಇನ್ನು ಏನೂ ಇಡುವಂತಿಲ್ಲ. ಸೋಮಪ್ಪ ಕಾಕಾ ಇನ್ನೊಂದು ಅರ್ಜಿ ಕೊಡೋಣ ಎನ್ನುತ್ತಾನೆ, ಆದರೆ ಅವನ ಜೊತೆ ಹೋಗುವವರು ಯಾರೂ ಉಳಿದಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಗೆ ಜಾಗ ಬೇಕಲ್ಲ, ಮಷೀನನ್ನು ನಿನ್ನೆ ವಾಪಸು ತಂದು ಪಡಸಾಲೆಯಲ್ಲೇ ಹೂಡಿದೆವು. ಬಾಗಿಲು ಮುಚ್ಚಿ ಹಿಂಜಬೇಕು, ಇಲ್ಲದಿದ್ದರೆ ಓಣಿಯವರ ಅನ್ನಕ್ಕೆ ಹತ್ತಿ ಹಾರುತ್ತದೆ. ಸಂಜೆಗೆ ಅವ್ವನ ರೆಪ್ಪೆ, ನೀರಿನ ಕೊಡ, ರೊಟ್ಟಿಯ ಬುಟ್ಟಿ ಎಲ್ಲ ಬೆಳ್ಳಗಾಗಿದ್ದವು. ಅಪ್ಪ ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿದ. ಮಲಗಲು ಒಳಕೋಣೆ ಒಂದೇ ಇದೆ, ನಡುವೆ ಬಾಗಿಲಿಲ್ಲ.

ಅವ್ವ ಮಾತ್ರ ನಿನ್ನ ಚೊಚ್ಚಲ ಬಾಣಂತನಕ್ಕೆ ಅಳವಿ ಬೀಜ, ಕೊಬ್ಬರಿ ಕೂಡಿಡುತ್ತಿದ್ದಾಳೆ. ಒಳಕೋಣೆಗೆ ಸೀರೆಯ ಪರದೆ ಕಟ್ಟಿದರಾಯಿತು ಎನ್ನುತ್ತಾಳೆ. ನಿನ್ನೆ ಕಟ್ಟಿಯೂ ನೋಡಿದೆವು. ಭಾವನವರಿಗೆ, ನಿನ್ನ ಅತ್ತೆಗೆ ಸಲಾಂ ತಿಳಿಸು.

ನಿನ್ನ
ಸಾಹಿರಾ

ತಾ.ಕ.: ಶುಕ್ರವಾರ ನಿನ್ನನ್ನು ಕರೆತರಲು ಅಪ್ಪ ಬರುತ್ತಾನೆ, ತಯಾರಾಗಿರು ಎಂದಷ್ಟೇ ಬರೆಯಲು ಅವ್ವ ಹೇಳಿದ್ದಳು. ಅಕ್ಕಾ, ನೀನು ಬರಬೇಡ. ಪರದೆ ಕಟ್ಟಿದರೂ ನನ್ನ ಹಾಸಿಗೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿತ್ತು. ಕೂಸು ಅಲ್ಲಿ ಉಸಿರಾಡುವುದು ಹೇಗೆ? ಡಾಕ್ಟರು ಪ್ರಯಾಣ ಬೇಡ ಅಂದಿದ್ದಾರೆ ಎಂದು ನೀನೇ ಅಪ್ಪನಿಗೆ ಹೇಳು. ಹೆತ್ತ ಮಗಳಿಗೆ ಜಾಗವಿಲ್ಲ ಎಂದು ಅವನ ಬಾಯಿಂದ ಬರುವುದಿಲ್ಲ. ನಾನು ಬರೆದೆ ಎಂದು ಗೊತ್ತಾಗುವುದು ಬೇಡ. ಅವನನ್ನು ಉಣ್ಣಿಸಿ ಕಳಿಸು.